ಹುಬ್ಬಳ್ಳಿಯಲ್ಲೇ ಕೊರೆಸಿದ ಹೀಲಿಕ್ಸ್: ಕೆಳಗಿನ ರೈಲು ಮೇಲಿನ ಅಂತಸ್ತಿಗೆ ಹತ್ತುತ್ತದಾ?

ಹತ್ತುತ್ತದೆ. ಮನೆಯಲ್ಲಿ ಓಡಿಸುವ ಪುಟ್ಟ ಮಾದರಿ ರೈಲಿನ ಮಾತು ಇದು, ಚೆನ್ನಾಗಿಯೇ ಹತ್ತುತ್ತದೆ. ಅದಕ್ಕಾಗಿ ಜರ್ಮನಿಯಿಂದ ಕಿಟ್ ತರಿಸಬೇಕಿಲ್ಲ, ಬೆಂಗಳೂರಿಗೆ ಓಡಾಡಬೇಕಿಲ್ಲ. ನಮ್ಮ ಗೋಕುಲ ರಸ್ತೆ ಕಡೆ ಬಾಗಿಲು, ದೇವರ ಕೋಣೆಯ ಜಾಲಿ ಕೊರೆದುಕೊಡುವ ಸಿಎನ್‌ಸಿ ರೌಟರ್ (ಕಂಪ್ಯೂಟರ್ ನಡೆಸುವ, ಮರ ಕೊರೆಯುವ ಮಷೀನ್) ಅಂಗಡಿಗಳಿವೆ ಅಲ್ವಾ, ಅಂಥ ಒಂದು ಅಂಗಡಿಯಲ್ಲಿ ಕೊರೆಸಿದ ಪ್ಲೈವುಡ್ ತುಂಡುಗಳಿಂದ ನನ್ನ ಹೀಲಿಕ್ಸ್ ಎದ್ದು ನಿಂತಿದೆ. ಮಳೆಗಾಲ ಕಳೆಯಿತು, ಬೇಸಿಗೆಯೂ ಕಳೆಯಿತು. ಇನ್ನು ಧೈರ್ಯವಾಗಿ ಬರೆಯಬಹುದು. ಅಂಗಡಿಯ ಹೆಸರು ಹಾಕುತ್ತಿಲ್ಲ, ಯಾಕೆಂದರೆ ಹೇಳಬೇಕಾದ ಕೊರತೆಗಳೂ ಇವೆ. ಅಳತೆ ಸರಿಯಾಗಿ ಒಯ್ದರೆ ಈ ಕೆಲಸ ಅಂಥ ಯಾವ ಅಂಗಡಿಯಲ್ಲಾದರೂ ಆಗುತ್ತದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಹೀಲಿಕ್ಸ್ ಅಂದರೆ ಸುರುಳಿಯಾಗಿ ಮೇಲಕ್ಕೇರುವ ಹಳಿ. ರೈಲು ಒಂದೇ ಜಾಗದಲ್ಲಿ ಸುತ್ತು ಹಾಕುತ್ತಾ ಮೇಲಿನ ಅಂತಸ್ತಿಗೆ ಬಂದುಬಿಡುತ್ತದೆ. ಮನೆಯಲ್ಲಿ ಜಾಗ ಕಡಿಮೆ, ಆಸೆ ಜಾಸ್ತಿ ಇರುವವರು ಲೇಔಟನ್ನು, ಅಂದರೆ ಹಳಿ ನಿಲ್ದಾಣ ಎಲ್ಲ ಕೂರಿಸಿದ ಹಲಗೆಯನ್ನು, ಎರಡು ಅಂತಸ್ತು ಮಾಡುತ್ತಾರೆ. ಆಮೇಲೆ ಇಲ್ಲಿಂದ ಅಲ್ಲಿಗೆ ಗಾಡಿ ಹೋಗುವುದು ಹೇಗೆ ಅನ್ನುವುದೇ ದೊಡ್ಡ ತಲೆನೋವು.

ನನ್ನದು ಎಚ್‌ಒ ಸ್ಕೇಲ್, ಅಂದರೆ 1:87, ನಿಜದ ರೈಲಿನ 87ರಲ್ಲಿ ಒಂದು ಪಾಲು. ಕೇಶ್ವಾಪುರದ ಮನೆಯ ಮೇಲಿನ ಕೋಣೆ. ಮೇಲಿನ ಅಂತಸ್ತಿನಲ್ಲಿ ಕ್ಯಾಸಲ್ ರಾಕ್ ನಿಲ್ದಾಣ, ಕೆಳಗೆ ಗೋವಾದ ಕುಲೆಂ. ಹುಬ್ಬಳ್ಳಿ ನಿಲ್ದಾಣವನ್ನೇ ಯಾಕೆ ಮಾಡಲಿಲ್ಲ ಅಂತ ಬಂದವರೆಲ್ಲ ಕೇಳುತ್ತಾರೆ. ನಮ್ಮ 1,507 ಮೀಟರ್ ಪ್ಲಾಟ್‌ಫಾರ್ಮನ್ನು 87ರಿಂದ ಭಾಗಿಸಿದರೂ 17 ಮೀಟರ್ ದಾಟುತ್ತದೆ ನೋಡಿ, ಅಷ್ಟು ಉದ್ದದ ಕೋಣೆ ಯಾರ ಮನೆಯಲ್ಲಿದೆ? ಕ್ಯಾಸಲ್ ರಾಕಿಗೂ ಕುಲೆಂಗೂ ನಡುವೆ ಇರುವುದು ಬ್ರಗಾಂಝಾ ಘಾಟ್. 37 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ, ಅಂದರೆ ಶೇಕಡಾ 2.7ರ ಏರು. ಭಾರದ ಗಾಡಿ ಕುಲೆಂನಿಂದ ಹತ್ತಬೇಕಾದರೆ ಹಿಂದಿನಿಂದ ಬ್ಯಾಂಕರ್ ಎಂಜಿನ್ ತಳ್ಳಲೇಬೇಕು. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್‌ಗಳು ಆ ಘಾಟಿನಲ್ಲಿ ದುಡಿಯುವುದನ್ನು ನೋಡಿದವರಿಗೆ ನಾನು ಏನು ಮಾಡಹೊರಟೆ ಅನ್ನುವುದು ಬೇಗ ಅರ್ಥವಾಗುತ್ತದೆ. ಆ ಹತ್ತುವಿಕೆಯೇ ನನಗೆ ಬೇಕಿತ್ತು. ಗಾಡಿಯನ್ನು ಸುಮ್ನೆ ಎತ್ತಿ ಮೇಲಿಡುವುದು ಬೇಕಿರಲಿಲ್ಲ.

ಬೇರೆ ದಾರಿಗಳೂ ಇವೆ. ಒಂದು, ರೈಲು ಲಿಫ್ಟ್. ನೇರವಾದ ಉದ್ದನೆಯ ಹಲಗೆ, ಅದರ ಮೇಲೆ ಹಳಿ, ಇಡೀ ರೈಲನ್ನೇ ಹೊತ್ತುಕೊಂಡು ಮೋಟರ್ ಮೇಲೆ ಕೆಳಗೆ ಮಾಡುತ್ತದೆ. ಗೋಡೆಗೆ ಅಂಟಿಕೊಂಡು ನಿಲ್ಲುತ್ತದೆ, ನೆಲದ ಜಾಗ ಬಹಳ ಉಳಿಯುತ್ತದೆ. ನಾಲ್ಕೈದು ಹಲಗೆ ಮಾಡಿದರೆ ರೈಲು ನಿಲ್ಲಿಸುವ ಯಾರ್ಡೂ ಆಯಿತು. ಆದರೆ ಪ್ರತಿ ಅಂತಸ್ತಿನಲ್ಲೂ ಹಳಿಗೆ ಹಳಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಬೇಕು, ಅರ್ಧ ಮಿಲಿಮೀಟರ್ ತಪ್ಪಿದರೂ ಚಕ್ರ ಎಡವುತ್ತದೆ. ಕರೆಂಟ್ ಹೋದರೆ ಲಿಫ್ಟ್ ನಡುವೆಯೇ ನಿಲ್ಲುತ್ತದೆ. ಸ್ಕ್ರೂ ರಾಡಿನ ಮೇಲೆ ಓಡುವ ಲಿಫ್ಟ್ ಆದರೆ ನಿಂತಲ್ಲೇ ಹಿಡಿದುಕೊಳ್ಳುತ್ತದೆ. ಬರೀ ಬೆಲ್ಟಿನದ್ದಾದರೆ ಬ್ರೇಕ್ ಇಲ್ಲದಿದ್ದರೆ ಹಲಗೆ ಕೆಳಗೆ ಜಾರುತ್ತದೆ, ಅದರ ಮೇಲೆ ಇರುವುದು ನಾವು ಜೀವದಂತೆ ಕಾಪಾಡಿಕೊಂಡ ಎಂಜಿನ್. ನೆನೆಸಿಕೊಂಡರೇ ಸಾಕು. ಬೆಲ್ಟಿನ ಲಿಫ್ಟನ್ನು ನಾನು ಯಾರಿಗೂ ಹೇಳುವುದಿಲ್ಲ.

ಇನ್ನೊಂದು, ಕ್ಯಾಸೆಟ್. ಪ್ಲೈವುಡ್ ಪಟ್ಟಿಯ ಮೇಲೆ ಎರಡು ಅಲ್ಯುಮಿನಿಯಂ ಆ್ಯಂಗಲ್ ಕೂರಿಸಿದರೆ ಅದೇ ಹಳಿ, ಅದೇ ಕರೆಂಟಿನ ದಾರಿ. ಸ್ಲೈಡಿಂಗ್ ಕಿಟಕಿ ಮಾಡುವವರ ಹತ್ತಿರ ಆ್ಯಂಗಲ್ ಸಿಗುತ್ತದೆ. ಗಾಡಿಯನ್ನು ಅದರೊಳಗೆ ಓಡಿಸಿ, ಎರಡೂ ತುದಿಗೆ ಅಡ್ಡ ಕೊಟ್ಟು, ಕೈಯಲ್ಲಿ ಎತ್ತಿ ಮೇಲಿನ ಅಂತಸ್ತಿಗೆ ಜೋಡಿಸುವುದು. ಒಂಟಿ ಎಂಜಿನ್‌ಗೆ ಪೆಕೊ ಕಂಪನಿಯ ಲೋಕೊ ಲಿಫ್ಟ್ ಅಂತಲೂ ಬರುತ್ತದೆ, ಇದೇ ಉಪಾಯ. ಬಾಡಿಗೆ ಮನೆಯವರಿಗೆ, ಸಣ್ಣ ಗಾಡಿ ಓಡಿಸುವವರಿಗೆ ಕ್ಯಾಸೆಟ್ಟೇ ಸರಿ. ಉದ್ದದ ಗಾಡಿಗೆ ಆಗುವುದಿಲ್ಲ. ಎಲ್‌ಎಚ್‌ಬಿ ಕೋಚ್ (ನಮ್ಮ ರೈಲ್ವೆಯ ಹೊಸ ಮಾದರಿಯ ಉದ್ದನೆಯ ಕೋಚ್) ಒಂದೇ ಎಚ್‌ಒದಲ್ಲಿ 270 ಮಿಲಿಮೀಟರ್. ಆರು ಕೋಚಿನ ಗಾಡಿಗೆ ಎಂಜಿನ್ ಸೇರಿಸಿದರೆ ಎಷ್ಟು ಉದ್ದದ ಹಲಗೆ ಹೊರಬೇಕು, ನೀವೇ ಲೆಕ್ಕ ಹಾಕಿ.

ಹಾಗಾಗಿ ಹೀಲಿಕ್ಸ್. ಲೆಕ್ಕ ಸುಲಭ, ಶಾಲೆಯ ಗಣಿತವೇ. ನನ್ನ ಎರಡು ಅಂತಸ್ತುಗಳ ನಡುವೆ 400 ಮಿಲಿಮೀಟರ್ ಅಂತರ. ಹಳಿಯ ನಡುಗೆರೆಗೆ 610 ಮಿಲಿಮೀಟರ್ ತ್ರಿಜ್ಯ ಹಿಡಿದೆ, ಅಂದರೆ ಎರಡು ಅಡಿ. ಆಗ ಒಂದು ಸುತ್ತಿಗೆ 3.83 ಮೀಟರ್ ಹಳಿ. ಸುತ್ತಿಗೆ 100 ಮಿಲಿಮೀಟರ್ ಏರಿದರೆ ಶೇಕಡಾ 2.6ರ ಏರು. ನೋಡಿದಿರಾ, ಹೆಚ್ಚುಕಡಿಮೆ ಬ್ರಗಾಂಝಾ ಘಾಟಿನ ಏರೇ ಬಂತು! ಈ ಅಂಕಿ ಬಂದಾಗ ನನಗಾದ ಖುಷಿ ಇಷ್ಟೇ ಅಂತ ಹೇಳಲಾರೆ. ನಾಲ್ಕು ಸುತ್ತಿಗೆ 15 ಮೀಟರಿಗಿಂತ ಸ್ವಲ್ಪ ಜಾಸ್ತಿ ಹಳಿ. ಗಂಟೆಗೆ 40 ಕಿಲೋಮೀಟರಿನ ಸ್ಕೇಲ್ ವೇಗದಲ್ಲಿ (ನಿಜದ ವೇಗವನ್ನು 87ರಿಂದ ಭಾಗಿಸಿದ್ದು) ಹೋದರೆ ಎಂಜಿನ್ ಕೆಳಗಿಂದ ಮೇಲೆ ಬರಲು ಎರಡು ನಿಮಿಷ ಬೇಕು. ಆ ಎರಡು ನಿಮಿಷ ಕುಲೆಂ ಬಿಟ್ಟ ಗಾಡಿ ಇನ್ನೂ ಕ್ಯಾಸಲ್ ರಾಕ್ ಮುಟ್ಟಿಲ್ಲ, ಘಾಟಿನಲ್ಲಿದೆ. ಲಿಫ್ಟಿನಲ್ಲಿ ಇದು ಸಿಗುವುದಿಲ್ಲ.

ತ್ರಿಜ್ಯ ಕಡಿಮೆ ಮಾಡಿದರೆ ಜಾಗ ಉಳಿಯುತ್ತದೆ, ನಿಜ. ಆದರೆ 18 ಇಂಚಿಗೆ ಇಳಿದರೆ ಅದೇ 100 ಮಿಲಿಮೀಟರಿಗೆ ಏರು ಶೇಕಡಾ 3.5 ಆಗುತ್ತದೆ. ಅದರ ಮೇಲೆ ತಿರುವಿನ ಎಳೆತ ಬೇರೆ. ಹಳೆಯ ಕೈಗಳು ಹೇಳುವ ಒಂದು ಅಂದಾಜು ಲೆಕ್ಕವಿದೆ: 32ನ್ನು ಇಂಚಿನಲ್ಲಿರುವ ತ್ರಿಜ್ಯದಿಂದ ಭಾಗಿಸಿ, ಬಂದಷ್ಟು ಶೇಕಡಾ ಏರು ಹೆಚ್ಚುವರಿ ಅಂತ ತಿಳಿಯಿರಿ. 24 ಇಂಚಿಗೆ 1.3. ಅಂದರೆ ನನ್ನ ಎಂಜಿನ್‌ಗೆ ಈ ಸುರುಳಿ ಸುಮಾರು ಶೇಕಡಾ 4ರ ಏರಿನಷ್ಟು ಭಾರ. 18 ಇಂಚಿನಲ್ಲಿ ಅದು 5 ದಾಟುತ್ತದೆ. ಯುರೋಪಿನ ರೆಡಿಮೇಡ್ ಕಿಟ್‌ಗಳು ಸಾಮಾನ್ಯವಾಗಿ ಬಿಗಿ ತಿರುವಿನವು. ನಮ್ಮ ಉದ್ದನೆಯ ಎಲ್‌ಎಚ್‌ಬಿಗೆ ಬೇಡ.

ಈಗ ಅಂಗಡಿಯ ವಿಷಯ.

ಮೊದಲು ಲೇಸರ್ ಕಟಿಂಗ್‌ನವರನ್ನು ಕೇಳಿದ್ದೆ. ತೆಳು ಎಂಡಿಎಫ್, ಅಕ್ರಿಲಿಕ್ ಆದರೆ ಲೇಸರ್ ಚಂದ. ಒಳ್ಳೆಯ ವಾಟರ್‌ಪ್ರೂಫ್ ಪ್ಲೈವುಡ್ಡಿನ ಅಂಟು ಲೇಸರಿಗೆ ಸುಲಭವಾಗಿ ಬಗ್ಗುವುದಿಲ್ಲ, ಅಂಚು ಕರ್ರಗೆ ಸುಡುತ್ತದೆ, ಅಲ್ಲಲ್ಲಿ ಪೂರ್ತಿ ಕತ್ತರಿಸದೆ ಉಳಿಯುತ್ತದೆ. ರೌಟರ್ ಹಾಗಲ್ಲ, ಅದು ತಿರುಗುವ ಬಿಟ್‌ನಿಂದ ಕೊರೆಯುತ್ತದೆ. ಹೀಲಿಕ್ಸ್‌ಗೆ ರೌಟರ್ ಅಂಗಡಿಗೇ ಹೋಗಿ.

ನಾನು ಡ್ರಾಯಿಂಗ್ ಫೈಲ್ ಒಯ್ದಿದ್ದೆ. ಸ್ಕ್ರೀನಿನ ಮೇಲೆ ಕಮಾನು ಕಮಾನಾಗಿ ತುಂಡುಗಳು ಕಂಡದ್ದೇ ಮಷೀನ್ ನೋಡಿಕೊಳ್ಳುವ ಹುಡುಗ, "ಸರ್, ಇದು ಯಾವ ಗುಡಿ ಮಂಟಪಕ್ಕರೀ?" ಅಂತ ಕೇಳಿದ. ರೈಲಿಗೆ ಅಂದೆ. ಅವನ ಕಣ್ಣು ಅರಳಿತು. "ನಮ್ಮ ಅಪ್ಪ ವರ್ಕ್‌ಶಾಪಿನ್ಯಾಗ ಇದ್ದರ‍್ರೀ ಸರ್" ಅಂದ. ರೈಲ್ವೆ ವರ್ಕ್‌ಶಾಪ್ ಇರುವ ಊರಿನಲ್ಲಿ ಇದೊಂದು ಸುಖ. ರೈಲು ಅಂದರೆ ಯಾರೂ ಹುಚ್ಚು ಅನ್ನುವುದಿಲ್ಲ. ಆಮೇಲೆ ಅವನೇ ಕೂತು ತುಂಡುಗಳನ್ನು ಬಾಳೆಹಣ್ಣಿನ ಚಿಪ್ಪಿನ ಹಾಗೆ ಒಂದರ ಬೆನ್ನಿಗೊಂದು ಜೋಡಿಸಿ, ಎರಡೇ ಶೀಟಿನಲ್ಲಿ ಎಲ್ಲ ಕೂರುವಂತೆ ಮಾಡಿದ. ಈ ಒಂದು ಕೆಲಸಕ್ಕೆ ಪೂರ್ತಿ ಅಂಕ.

ತುಂಡು ಅಂದೆನಲ್ಲ, ಅದು ಯಾಕೆ ಅಂತ ಹೇಳುತ್ತೇನೆ. ಪ್ಲೈವುಡ್ ಶೀಟು ಎಂಟು ಅಡಿಗೆ ನಾಲ್ಕು ಅಡಿ. ನನ್ನ ಉಂಗುರದ ಹೊರ ಅಗಲ 1,320 ಮಿಲಿಮೀಟರ್, ಶೀಟಿನ ಅಗಲ 1,220. ಇಡೀ ಉಂಗುರ ಒಂದೇ ಸಲ ಬರುವುದೇ ಇಲ್ಲ. ಬಂದರೂ ನಡುವಿನ ಮರವೆಲ್ಲ ದಂಡ. ಅದಕ್ಕೆ ಸುತ್ತಿಗೆ ಆರು ತುಂಡು, ಪ್ರತಿಯೊಂದೂ 60 ಡಿಗ್ರಿ, 100 ಮಿಲಿಮೀಟರ್ ಅಗಲ. 6 ಮಿಲಿಮೀಟರ್ ಪ್ಲೈವುಡ್ಡನ್ನು ಎರಡು ಪದರ ಅಂಟಿಸುವುದು, ಕೆಳಗಿನ ಪದರದ ಜೋಡಣೆಯ ಮೇಲೆ ಮೇಲಿನ ತುಂಡಿನ ನಡುಭಾಗ ಬರಬೇಕು. ಇಟ್ಟಿಗೆ ಗೋಡೆ ಕಟ್ಟುವ ಗೌಂಡಿಗೆ ಇದು ಹೇಳಿಕೊಡಬೇಕಿಲ್ಲ. ಸುರುಳಿಯನ್ನು ಹೊತ್ತು ನಿಲ್ಲುವ ರಾಡಿನ ತೂತುಗಳನ್ನು ತುಂಡಿನ ಎರಡೂ ತುದಿಯಿಂದ 15 ಡಿಗ್ರಿ ಒಳಗೆ ಇಟ್ಟರೆ, ಮೇಲಿನ ಪದರವನ್ನು ಅರ್ಧ ತುಂಡು ಸರಿಸಿದಾಗಲೂ ತೂತಿಗೆ ತೂತು ಕೂಡುತ್ತದೆ. ಎಲ್ಲ 48 ತುಂಡೂ ಒಂದೇ ಅಚ್ಚು. ಯಾವುದು ಎಲ್ಲಿಗೆ ಅಂತ ಹುಡುಕಾಡುವುದೇ ಇಲ್ಲ.

ಗುಣಮಟ್ಟ ಹೇಗಿತ್ತು? ತಿರುವು ಕರಾರುವಾಕ್ಕಾಗಿತ್ತು. ಆರು ತುಂಡು ನೆಲದ ಮೇಲೆ ಜೋಡಿಸಿದರೆ ಸಂದಿಯಲ್ಲಿ ಪೋಸ್ಟ್ ಕಾರ್ಡ್ ತೂರುತ್ತಿರಲಿಲ್ಲ. ಆದರೆ ಒಂದು ಶೀಟಿನ ಕೊನೆಯ ಸಾಲಿನ ತುಂಡುಗಳಲ್ಲಿ ತೂತುಗಳು ಪಕ್ಕಕ್ಕೆ ಸರಿದಿದ್ದವು. ಕೊರೆಯುವಾಗ ಶೀಟು ಅಲುಗಾಡಿದೆ, ಸರಿಯಾಗಿ ಬಿಗಿದಿರಲಿಲ್ಲ. ತೋರಿಸಿದಾಗ ಮಾಲೀಕರು ಮೊದಲು "ಇಷ್ಟು ನಡೀತೈತಿ ಬಿಡ್ರಿ" ಅಂದರು. ಬಾಗಿಲಿಗೆ ನಡೆಯಬಹುದು, ಇಲ್ಲಿ ನಡೆಯುವುದಿಲ್ಲ. ರಾಡ್ ಒಳಗೆ ಸರಿದರೆ ಕೋಚಿನ ಮೂಲೆ ಅದಕ್ಕೆ ಉಜ್ಜುತ್ತದೆ. ಕೋಚನ್ನೇ ಒಯ್ದು, ಒಂದು ತುಂಡಿನ ಮೇಲೆ ಹಳಿ ಇಟ್ಟು ತೋರಿಸಿದೆ. ಈ ತಿರುವಿನಲ್ಲಿ ಎಲ್‌ಎಚ್‌ಬಿ ಕೋಚಿನ ನಡುಭಾಗ 6 ಮಿಲಿಮೀಟರ್ ಒಳಗೆ ಬಾಗುತ್ತದೆ, ತುದಿ 9 ಮಿಲಿಮೀಟರ್ ಹೊರಗೆ ಬರುತ್ತದೆ. ಕೋಚಿನ ಅರ್ಧ ಅಗಲ ಸೇರಿಸಿದರೆ ನಡುಗೆರೆಯಿಂದ 28 ಮಿಲಿಮೀಟರ್ ಜಾಗ ಬಿಡಲೇಬೇಕು. ರಾಡನ್ನು ನಾನು 40ರಲ್ಲಿ ಇಟ್ಟಿದ್ದೇನೆ. ರಾಡಿನ ಅರ್ಧ ದಪ್ಪ 4 ಕಳೆದರೆ ಉಳಿಯುವುದು 8 ಮಿಲಿಮೀಟರ್. ಅಷ್ಟರಲ್ಲಿ ತೂತು ಸರಿದಾಡಿದರೆ ಹೇಗೆ? ಕಣ್ಣಾರೆ ಕಂಡ ಮೇಲೆ ಮಾಲೀಕರು ಮಾತಾಡಲಿಲ್ಲ. ಉಳಿದ ಮರದಲ್ಲೇ ಬೇರೆ ತುಂಡು ಕೊರೆಸಿ ಕೊಟ್ಟರು, ದುಡ್ಡು ಕೇಳಲಿಲ್ಲ. ಅದು ಮೆಚ್ಚುವ ಮಾತು.

ಇನ್ನೆರಡು ದೂರು. ಅಂಚುಗಳಲ್ಲಿ ನಾರು ಎದ್ದಿತ್ತು, ಬಿಟ್ ಹಳೆಯದಾಗಿತ್ತೋ ಏನೋ, ಎಲ್ಲ ತುಂಡನ್ನೂ ನಾನೇ ಸ್ಯಾಂಡ್ ಪೇಪರ್ ಹಾಕಿ ಉಜ್ಜಬೇಕಾಯಿತು. ಕೊಡುತ್ತೇವೆ ಅಂದ ದಿನ ಕೊಡಲಿಲ್ಲ, ದೀಪಾವಳಿಗೆ ಮುಂಚೆ ಮನೆ ಪ್ರವೇಶದ ಬಾಗಿಲುಗಳ ರಾಶಿ ಅವರ ಮುಂದೆ ಬಿದ್ದಿತ್ತು. ಹಬ್ಬದ ಸಮಯ ಬಿಟ್ಟು ಹೋಗಿ.

ಪ್ಲೈವುಡ್ಡನ್ನು ಅಂಗಡಿಯವರಿಗೇ ಬಿಡಬೇಡಿ, ನೀವೇ ತನ್ನಿ. 6 ಮಿಲಿಮೀಟರ್ ಅಂತ ಮಾರುವ ಶೀಟು ಅಳೆದರೆ 5.5 ಇರುವುದು ಸಾಮಾನ್ಯ. ಅದರಿಂದ ತೊಂದರೆಯಿಲ್ಲ, ಆದರೆ ಎರಡು ಶೀಟೂ ಒಂದೇ ದಪ್ಪ ಇರಬೇಕು. ಒಂದು 5.5, ಇನ್ನೊಂದು 6 ಬಂದರೆ ಜೋಡಣೆಯಲ್ಲಿ ಮೆಟ್ಟಿಲು ಬೀಳುತ್ತದೆ. ಶೀಟು ಬಾಗಿದೆಯಾ ಅಂತ ನೆಲಕ್ಕಿಟ್ಟು ನೋಡಿ. ಹೊರೆ ಇಳಿಸುವ ಹುಡುಗರು ಅವಸರ ಮಾಡುತ್ತಾರೆ, ಕೇಳಬೇಡಿ.

ನಿಲ್ಲಿಸುವುದು ಎಂಟು ಮಿಲಿಮೀಟರಿನ ಥ್ರೆಡ್ ರಾಡಿನ ಮೇಲೆ. ಒಂದು ಮೀಟರಿನ ಆರು ರಾಡ್ ತಂದು ಎರಡೆರಡು ಮಾಡಿದರೆ ಹನ್ನೆರಡು ಕಾಲು. ಒಳಗೆ ಆರು, ಹೊರಗೆ ಆರು. ಪ್ರತಿ ಸುತ್ತಿಗೂ ಮೇಲೊಂದು ಕೆಳಗೊಂದು ನಟ್ಟು, ನಡುವೆ ಪ್ಲೈವುಡ್, ಒಟ್ಟು ನೂರರ ಹತ್ತಿರ ನಟ್ಟು ವಾಷರ್ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕದ ಮೇಲೆ ಕೊಡುತ್ತಾರೆ. ಮರದ ಗುಜ್ಜು ಕೊಟ್ಟು ನಿಲ್ಲಿಸುವ ವಿಧಾನವೂ ಇದೆ, ಅಗ್ಗ. ಆದರೆ ರಾಡಿನ ಸುಖವೇ ಬೇರೆ. ಈ ರಾಡಿನಲ್ಲಿ ನಟ್ಟು ಒಂದು ಸುತ್ತು ತಿರುಗಿದರೆ 1.25 ಮಿಲಿಮೀಟರ್ ಏರುತ್ತದೆ. ಒಂದು ಕಾಲಿನಿಂದ ಮುಂದಿನ ಕಾಲಿಗೆ ಏರು 16.7 ಮಿಲಿಮೀಟರ್ ಇರಬೇಕು. ರಸಮಟ್ಟ ಅಡ್ಡಲಾಗಿ ಇಟ್ಟು, ಕಾಲು ಸುತ್ತು ಅರ್ಧ ಸುತ್ತು ತಿರುಗಿಸುತ್ತಾ ಬಂದರೆ ಹಳಿ ಎಡಕ್ಕೂ ವಾಲದೆ ಬಲಕ್ಕೂ ವಾಲದೆ ನಿಲ್ಲುತ್ತದೆ. ಮರ ಮುಂದೆ ಎಂದಾದರೂ ಸ್ವಲ್ಪ ಬಾಗಿದರೂ ಪಾನಾ ತೆಗೆದುಕೊಂಡು ಸರಿ ಮಾಡಬಹುದು. ಶುರುವಿನಲ್ಲಿ, ಕೊನೆಯಲ್ಲಿ ಮಾತ್ರ ಏರು ಮೆಲ್ಲಗೆ ಬರಬೇಕು, ಒಂದು ಕೋಚಿಗಿಂತ ಉದ್ದದ ಜಾಗದಲ್ಲಿ. ದಿಢೀರ್ ಏರಿದರೆ ಕಪ್ಲಿಂಗ್ ಬಿಚ್ಚಿಕೊಳ್ಳುತ್ತದೆ.

100 ಮಿಲಿಮೀಟರಿನಲ್ಲಿ ಮರ, ಹಳಿ ಕಳೆದರೆ 80ರಷ್ಟು ಉಳಿಯುತ್ತದೆ. ಎಂಜಿನ್ ಎತ್ತರ 50ರ ಒಳಗೆ. ಉಳಿದದ್ದು ನಿಮ್ಮ ಕೈಗೆ. ಗಾಡಿ ಹಳಿ ತಪ್ಪಿದಾಗ ಕೈ ಒಳಗೆ ಹೋಗಲೇಬೇಕು, ಅದಕ್ಕಾಗಿ ಈ ಅಂತರ ಕಡಿಮೆ ಮಾಡಬೇಡಿ.

ಮಳೆಗಾಲದ ಮಾತು. ನಮ್ಮಲ್ಲಿ ಜುಲೈಯಲ್ಲಿ ಗೋಡೆಯೇ ತೇವ ಹಿಡಿಯುತ್ತದೆ, ಏಪ್ರಿಲ್‌ನಲ್ಲಿ ಎಲ್ಲ ಒಣಗಿ ಸೆಟೆಯುತ್ತದೆ. ಮರ ಹಿಗ್ಗುತ್ತದೆ ಕುಗ್ಗುತ್ತದೆ, ಹಳಿ ಮಾತ್ರ ಅದರ ಜೊತೆ ಹೋಗುವುದಿಲ್ಲ. ತುಂಡುಗಳಿಗೆ ಎರಡೂ ಮೈ, ಮುಖ್ಯವಾಗಿ ಕೊರೆದ ಅಂಚಿಗೆ, ಸೀಲರ್ ಹೊಡೆದ ಮೇಲೆಯೇ ಜೋಡಿಸಿ. ಬೇಸಿಗೆ ಮಳೆ ಎರಡರಲ್ಲೂ ನನ್ನ ಹಳಿ ಕದಲಲಿಲ್ಲ, ಕಾರಣ ಇದೇ. ಫ್ಲೆಕ್ಸ್ ಹಳಿ, ಅಂದರೆ ಬೇಕಾದಂತೆ ಬಗ್ಗುವ ಹಳಿ, ಒಂದು ಗಜದ್ದು, ಅಂಥವು ಹದಿನೇಳು ಬೇಕು. ಎರಡನ್ನು ನೇರವಾಗಿಟ್ಟು ಬೆಸುಗೆ ಹಾಕಿ ಆಮೇಲೆ ಬಗ್ಗಿಸಿ, ಆಗ ಜೋಡಣೆಯಲ್ಲಿ ಮೊಣಕೈ ಬರುವುದಿಲ್ಲ. ಪ್ರತಿ ಜೋಡಿಗೂ ಪ್ರತ್ಯೇಕ ಕರೆಂಟ್ ವೈರ್ ಕೊಡಿ. ಜೋಡಿಗೂ ಜೋಡಿಗೂ ನಡುವೆ ಬೆಸುಗೆ ಬೇಡ, ಕಾಗದದಷ್ಟು ಸಂದಿ ಬಿಡಿ.

ಓಡಿಸುವಾಗ? ಸಮತಟ್ಟಿನಲ್ಲಿ ಸಲೀಸಾಗಿ ಎಳೆಯುವ ಗಾಡಿಯನ್ನು ಸುರುಳಿಯಲ್ಲಿ ಒಂಟಿ ಎಂಜಿನ್ ಎಳೆಯುವುದಿಲ್ಲ, ಚಕ್ರ ಜಾರುತ್ತದೆ. ಇದು ಹೀಲಿಕ್ಸ್‌ನ ತಪ್ಪಲ್ಲ, ಘಾಟಿನ ಸ್ವಭಾವ. ನಾನು ಹಿಂದೆ ಬ್ಯಾಂಕರ್ ಕಟ್ಟುತ್ತೇನೆ. ಡಿಸಿಸಿ (ಹಳಿಯ ಮೂಲಕವೇ ಪ್ರತಿ ಎಂಜಿನ್ನಿಗೂ ಬೇರೆ ಬೇರೆ ಆಜ್ಞೆ ಕೊಡುವ ಡಿಜಿಟಲ್ ವ್ಯವಸ್ಥೆ) ಇರುವುದರಿಂದ ಎರಡೂ ಎಂಜಿನ್‌ಗಳ ವೇಗ ಒಂದಕ್ಕೊಂದು ಹೊಂದುವಂತೆ ಕೂರಿಸಬಹುದು. ಇದರಲ್ಲಿ ಇನ್ನೊಂದು ಲಾಭವಿದೆ. ಮುಂದಿನಿಂದ ಮಾತ್ರ ಎಳೆದರೆ ಉದ್ದದ ಗಾಡಿ ತಿರುವಿನ ಒಳಗಡೆಗೆ ಜಗ್ಗಿ ಹಗುರ ವ್ಯಾಗನ್ ಮಗುಚುತ್ತದೆ. ಹಿಂದಿನಿಂದ ತಳ್ಳಿದರೆ ಆ ಜಗ್ಗುವಿಕೆ ಅರ್ಧ ಇಳಿಯುತ್ತದೆ. ತಳ್ಳುವುದು ಜಾಸ್ತಿಯಾದರೆ ಹೊರಗಡೆಗೆ ಉಬ್ಬುತ್ತದೆ, ಅದಕ್ಕೇ ವೇಗ ಹೊಂದಿಸಬೇಕು ಅಂದದ್ದು. ವ್ಯಾಗನ್ ತೂಕವೂ ನೋಡಿ. ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಹೇಳುವ ಲೆಕ್ಕ ಎಚ್‌ಒಗೆ 1 ಔನ್ಸ್, ಮೇಲೆ ಇಂಚಿಗೆ ಅರ್ಧ ಔನ್ಸ್. ಆರು ಇಂಚಿನ ವ್ಯಾಗನ್ 113 ಗ್ರಾಂ ತೂಗಬೇಕು. ಕಡಿಮೆ ಇದ್ದರೆ ಒಳಗೆ ನಟ್ಟು ಅಂಟಿಸಿ ತೂಕ ತನ್ನಿ.

ಇಳಿಯುವಾಗ ಕೆಲವು ಎಂಜಿನ್ ಕುಕ್ಕುತ್ತಾ ಇಳಿಯುತ್ತವೆ. ಹಿಂದಿನ ಕೋಚುಗಳ ಭಾರಕ್ಕೆ ಒಳಗಿನ ವರ್ಮ್ ಗೇರ್ (ಸ್ಕ್ರೂ ಆಕಾರದ ಗೇರ್) ಹಿಂದೆ ಮುಂದೆ ಆಡುವುದರಿಂದ ಹಾಗೆ. ಗೇರ್ ಬಾಕ್ಸ್ ಬಿಚ್ಚಿ ತೆಳು ವಾಷರ್ ಹಾಕಿದರೆ ನಿಲ್ಲುತ್ತದೆ.

ಗಾಡಿ ಸುರುಳಿಯೊಳಗೆ ಎಲ್ಲಿದೆ ಅಂತ ತಿಳಿಯಲು ಪ್ರತಿ ಸುತ್ತಿಗೆ ಒಂದು ಐಆರ್ ಸೆನ್ಸರ್ ಇಟ್ಟಿದ್ದೇನೆ, ಕೆಳಗೆ ನಾಲ್ಕು ಎಲ್‌ಇಡಿ. ಸೆನ್ಸರ್ ಅಗ್ಗ, ಇಡಲೇಬೇಕು. ಹೀಲಿಕ್ಸ್ ಹೊರಗೆ ಬೆಟ್ಟ ಕಟ್ಟಿ ಮುಚ್ಚುವವರಿಗಂತೂ ಇದಿಲ್ಲದೆ ಆಗುವುದೇ ಇಲ್ಲ.

ಖರ್ಚಿನಲ್ಲಿ ದೊಡ್ಡ ಪಾಲು ಹಳಿಯದ್ದು. ಕೊರೆಸಿದ ಕೂಲಿ, ಪ್ಲೈವುಡ್, ರಾಡ್ ಎಲ್ಲ ಸೇರಿದರೂ ಹಳಿಯ ಬೆಲೆ ಮುಟ್ಟಲಿಲ್ಲ. ಕೂಲಿ ಕೇಳುವಾಗ ತುಂಡಿನ ಲೆಕ್ಕಕ್ಕೆ ಒಪ್ಪಬೇಡಿ, ಕೊರೆಯುವ ಮೀಟರ್ ಲೆಕ್ಕ ಕೇಳಿ. ಒಂದು ತುಂಡಿನ ಸುತ್ತಳತೆ ಒಂದೂವರೆ ಮೀಟರಿಗೆ ಸ್ವಲ್ಪ ಕಡಿಮೆ, 48ಕ್ಕೆ 71 ಮೀಟರ್. ಈ ಅಂಕಿ ಮುಂದಿಟ್ಟರೆ ಚೌಕಾಸಿಗೆ ಬಲ ಬರುತ್ತದೆ. ಶೀಟನ್ನು ನಾಲ್ಕೂ ಮೂಲೆಗೆ ಬಿಗಿಯಲು, ಹೊಸ ಬಿಟ್ ಹಾಕಲು ಮೊದಲೇ ಹೇಳಿ. ಒಂದು ತುಂಡು ಕೊರೆಸಿ, ರಾಡ್ ತೂರಿಸಿ ನೋಡಿದ ಮೇಲೆಯೇ ಉಳಿದದ್ದಕ್ಕೆ ಹೂಂ ಅನ್ನಿ.

ಒಂದೂವರೆ ಮೀಟರ್ ಚೌಕ ಬಿಟ್ಟುಕೊಡಲು ಜಾಗವಿಲ್ಲದವರು ಹೀಲಿಕ್ಸ್‌ಗೆ ಕೈ ಹಾಕಬೇಡಿ, ಕ್ಯಾಸೆಟ್ ಮಾಡಿಕೊಳ್ಳಿ. ಎನ್ ಸ್ಕೇಲಿನವರಿಗೆ, ಅಂದರೆ ಇನ್ನೂ ಚಿಕ್ಕ ಮಾದರಿ ಓಡಿಸುವವರಿಗೆ, ಇದರ ಅರ್ಧ ಜಾಗ ಸಾಕು. ಅಂಗಡಿಯ ಕೆಲಸಕ್ಕೆ ಐದರಲ್ಲಿ ನಾಲ್ಕು ಕೊಡುತ್ತೇನೆ, ಒಂದು ಕಳೆದದ್ದು ಆ ಸರಿದ ತೂತಿಗೆ ಮತ್ತು ತಡಕ್ಕೆ. ಡ್ರಾಯಿಂಗ್ ಫೈಲ್ ಬೇಕಾದವರಿಗೆ ಕಳಿಸುತ್ತೇನೆ. ಕೇಳುವಾಗ ಎರಡು ಅಂತಸ್ತಿನ ನಡುವಿನ ಎತ್ತರ ಎಷ್ಟು, ಯಾವ ಕೋಚ್ ಓಡಿಸುತ್ತೀರಿ, ಇವೆರಡು ತಿಳಿಸಿ, ತ್ರಿಜ್ಯ ತೂತು ಎರಡೂ ಅದರ ಮೇಲೆ ಬದಲಾಗುತ್ತವೆ.